ಜಿಮ್ನಿಗೆ ವೀಲ್ ಸ್ಪೇಸರ್ ಹಾಕಿಸಬಹುದಾ? ಟಯರ್ ಒಳಗೆ ಉಜ್ಜುತ್ತಿದೆ

ಕೆಂಪುಮಣ್ಣು, ಮೂಡುಬಿದಿರೆ:
ನಮಸ್ಕಾರ. ನನ್ನದು ಐದು ಬಾಗಿಲಿನ ಜಿಮ್ನಿ. ಕಂಪನಿಯ 195/80 ಆರ್15 ಟಯರ್ ತೆಗೆದು 215/75 ಆರ್15 ಆಲ್ ಟೆರೇನ್ ಹಾಕಿಸಿದ್ದೇನೆ. ರಿಮ್ ಹಳೆಯದೇ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಬೆಳ್ತಂಗಡಿ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಾತ್ರ ಮುಂದಿನ ಟಯರ್ ರೇಡಿಯಸ್ ಆರ್ಮ್‌ಗೆ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು) ಉಜ್ಜುತ್ತದೆ. ಮಂಗಳೂರಿನ ಒಂದು ಅಂಗಡಿಯವರು 30 ಎಂ.ಎಂ. ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳಲು ಹಬ್‌ಗೂ ರಿಮ್‌ಗೂ ನಡುವೆ ಕೂರಿಸುವ ದಪ್ಪ ಬಿಲ್ಲೆ) ಹಾಕಿ, ಗಾಡಿ ಅಗಲವಾಗಿ ಕಾಣುತ್ತದೆ ಎಂದರು. ಪರಿಚಯದ ಲೇತ್‌ನವರು ಅರ್ಧ ದುಡ್ಡಿಗೆ ಮಾಡಿಕೊಡುತ್ತಾರಂತೆ. ಎಂತ ಮಾಡುವುದು?

ಘಾಟಿಗಾಡಿ, ಉಡುಪಿ:
ನನ್ನ ಥಾರ್‌ನಲ್ಲಿ ಸ್ಪೇಸರ್ ಉಂಟು. ಓರೆ ದಾರಿಯಲ್ಲಿ ಗಾಡಿ ನಿಜಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ. ಟಯರ್ ಹೊರಗೆ ಬಂದ ಕಾರಣ ಮಳೆಗಾಲದಲ್ಲಿ ಕೆಸರೆಲ್ಲ ಬಾಗಿಲಿಗೆ ಹಾರುತ್ತದೆ, ಅಷ್ಟೇ. ಧೈರ್ಯವಾಗಿ ಹಾಕಿಸಿ.

ಬೈಕಂಪಾಡಿ ಲೇತ್:
ಮೊದಲು ಲೇತ್ ವಿಷಯ. ಅದೇ ಕೆಲಸ ಮಾಡುವವನಾಗಿ ಹೇಳುತ್ತೇನೆ, ಬೇಡ ಮಾರಾಯ್ರೆ. ತಿರುಗಿಸುವುದು ಕಷ್ಟವಲ್ಲ. ಆದರೆ ಕೈಗೆ ಸಿಕ್ಕಿದ ಅಲ್ಯೂಮಿನಿಯಂ ಎರಕದ್ದಾ, ಯಾವ ಗ್ರೇಡ್ ಎಂದು ಯಾರಿಗೆ ಗೊತ್ತು? ಒಳ್ಳೆಯ ಸ್ಪೇಸರ್‌ಗೆ 6061-ಟಿ6 ತರಹದ ಅಲಾಯ್ ಬೇಕು, ಹೈ ಟೆನ್ಸೈಲ್ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ಬೇಕು. ಜಿಮ್ನಿಯ ಹಬ್‌ನ, ಅಂದರೆ ಚಕ್ರ ಕೂರುವ ನಡುಭಾಗದ, 108 ಎಂ.ಎಂ. ಅಂಚಿನ ಮೇಲೆ ಸರಿಯಾಗಿ ಕೂರಬೇಕು, ರಿಮ್ ಕೂರಲು ಅದರಲ್ಲೂ ಅಂಥದ್ದೇ ಅಂಚು ಬೇಕು.

ಈಗ ನಿಮ್ಮ ಲೆಕ್ಕ ನೋಡಿ. ಟಯರ್ 195ರಿಂದ 215 ಆಗಿ 20 ಎಂ.ಎಂ. ಅಗಲವಾಯಿತು. ರಿಮ್ ಅದೇ ಇರುವಾಗ ಒಳಗೆ ಬಂದದ್ದು ಸುಮಾರು 10 ಮಾತ್ರ. ಅದಕ್ಕೆ 30 ಯಾಕೆ? ಅಂಗಡಿಯಲ್ಲಿ ಆ ಸೈಜ್ ಉಂಟು ಅಂತ ಹಾಕಿಸುವುದಾ? ಎರಡು ಕಡೆ ಸೇರಿ ಗಾಡಿ 60 ಎಂ.ಎಂ. ಅಗಲವಾಗುತ್ತದೆ. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಎಳೆತ ಜಾಸ್ತಿ. ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಕೈಯಲ್ಲಿ ಒದೆಯುವುದೂ ಜಾಸ್ತಿ.

ಹಾಗಾದರೆ 10 ಎಂ.ಎಂ.ದೇ ಹಾಕೋಣ ಅಂದರೆ ಅದೂ ಕಷ್ಟ. ಅಷ್ಟು ತೆಳುವಾದದ್ದು ಸುಮ್ನೆ ಸ್ಟಡ್‌ಗೆ ತೂರಿಸುವ ಬಿಲ್ಲೆ. ಅದರ ದಪ್ಪದಷ್ಟು ಸ್ಟಡ್‌ನ ಥ್ರೆಡ್ ನಟ್‌ಗೆ ಸಿಗದೆ ಹೋಗುತ್ತದೆ. ಸುಜುಕಿ ಸ್ಟಡ್ 12 ಎಂ.ಎಂ., ಪಿಚ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಅಂತರ) 1.25. ನಟ್ ಕೈಯಲ್ಲಿ ಹತ್ತು ಸುತ್ತಾದರೂ ಹೋಗಬೇಕು. ಕಡಿಮೆಯಾದರೆ ಆ ಚಕ್ರವನ್ನು ನಂಬಬೇಡಿ. ಸ್ವಂತ ಸ್ಟಡ್ ಇರುವ ಬೋಲ್ಟ್-ಆನ್ ಸ್ಪೇಸರ್ ಒಳ್ಳೆಯದು. ಆದರೆ ಅದು 20-25ಕ್ಕಿಂತ ತೆಳುವಾದರೆ ಗಾಡಿಯ ಹಳೆಯ ಸ್ಟಡ್ ಹೊರಗೆ ಇಣುಕಿ ರಿಮ್‌ಗೆ ತಾಗುತ್ತದೆ. ರಿಮ್ ಹಿಂದೆ ಅದಕ್ಕೆ ಗುಳಿ ಇದ್ದರೆ ಮಾತ್ರ ಆಗುತ್ತದೆ. ಅಂದರೆ ನಿಮಗೆ ಬೇಕಾದ ಸೈಜೇ ಸ್ಪೇಸರ್‌ಗೆ ಒಗ್ಗದ ಸೈಜ್.

ಹಾಗಾಗಿ ಮೊದಲು ಸ್ಟೇರಿಂಗ್ ಸ್ಟಾಪ್ ಬೋಲ್ಟ್ ನೋಡಿ. ಅದನ್ನು ಸ್ವಲ್ಪ ಹೊರಗೆ ತಂದರೆ ಚಕ್ರ ಅಷ್ಟು ಒಳಗೆ ತಿರುಗುವುದಿಲ್ಲ. ತಿರುವಿಗೆ ಸ್ವಲ್ಪ ಜಾಗ ಜಾಸ್ತಿ ಬೇಕಾಗುತ್ತದೆ, ಖರ್ಚು ಏನೂ ಇಲ್ಲ. ಮುಂದೆ ರಿಮ್ ಬದಲಿಸುವ ಯೋಚನೆ ಇದ್ದರೆ ಆಫ್‌ಸೆಟ್ ಕಡಿಮೆ ಇರುವುದನ್ನು, ಅಂದರೆ ತಾನೇ ಚಕ್ರವನ್ನು ಹೊರಗೆ ಕೂರಿಸುವಂಥದ್ದನ್ನು ತೆಗೆದುಕೊಳ್ಳಿ. ಬೇರಿಂಗ್‌ಗೆ ಎಳೆತ ಆಗಲೂ ಇರುತ್ತದೆ, ಆದರೆ ನಡುವೆ ಸಡಿಲವಾಗಲು ಇನ್ನೊಂದು ಜೋಡಣೆ ಇರುವುದಿಲ್ಲ.

ಪಡುಕೆರೆ ಗಾಳಿ, ಮಲ್ಪೆ:
ಲೇತ್‌ನವರು ಹೇಳಿದ್ದು ಸರಿ. ಈಗಾಗಲೇ ಸ್ಪೇಸರ್ ಇರುವವರಿಗೆ ಒಂದು ಮಾತು. ನಮ್ಮ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಬ್ ಮೇಲಿನ ತುಕ್ಕನ್ನು ವೈರ್ ಬ್ರಶ್‌ನಲ್ಲಿ ಪೂರ್ತಿ ಉಜ್ಜಿಯೇ ಕೂರಿಸಿ. ತುಕ್ಕಿನ ಮೇಲೆ ಬಿಗಿ ಮಾಡಿದ್ದು ಆಮೇಲೆ ಸಡಿಲವಾಗುತ್ತದೆ. 50-100 ಕಿ.ಮೀ. ಓಡಿಸಿ ಚಕ್ರ ಬಿಚ್ಚಿ, ಸ್ಪೇಸರನ್ನು ಹಬ್‌ಗೆ ಹಿಡಿದಿರುವ ಒಳಗಿನ ನಟ್ ಕೂಡ ಟಾರ್ಕ್ ರೆಂಚ್‌ನಲ್ಲಿ (ಬಿಗಿ ಅಳೆಯುವ ಸ್ಪ್ಯಾನರ್) ನೋಡಬೇಕು. ಹೊರಗಿನದು ಮಾತ್ರ ನೋಡಿ ಶಿರಾಡಿ ಘಾಟಿ ಹತ್ತಬೇಡಿ. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು. ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಇಂಥದ್ದನ್ನೇ ಹಿಡಿಯುತ್ತಾರೆ.

ಕೆಂಪುಮಣ್ಣು, ಮೂಡುಬಿದಿರೆ:
ತುಂಬಾ ಉಪಕಾರವಾಯಿತು. ಸ್ಪೇಸರ್ ಬಿಟ್ಟೆ. ಸ್ಟಾಪ್ ಬೋಲ್ಟ್ ಎಷ್ಟು ಹೊರಗೆ ತರಬೇಕು?

ಬೈಕಂಪಾಡಿ ಲೇತ್:
ಅಳತೆ ಮೊದಲೇ ಹೇಳಲು ಆಗುವುದಿಲ್ಲ. ಸಮತಟ್ಟಿನಲ್ಲಿ ನೋಡಿದರೂ ಸಾಲದು. ಒಂದು ಮುಂದಿನ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ. ಟಯರಿಗೂ ಆರ್ಮ್‌ಗೂ ನಡುವೆ ಒಂದು ಬೆರಳು ಜಾಗ ಸಿಗುವಷ್ಟು ಹೊರಗೆ ತನ್ನಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ನೋಡಬೇಕು. ಕೊನೆಗೆ ಲಾಕ್ ನಟ್ ಬಿಗಿ ಮಾಡಿ. ಆಮೇಲೂ ಉಜ್ಜಿದರೆ ಎಲ್ಲಿ ಗುರುತು ಬಿದ್ದಿದೆ ಅಂತ ಫೋಟೋ ಹಾಕಿ, ನೋಡುವ.