ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಯುದ್ಧ ನಡೆದ ಜಾಗದಲ್ಲೇನಾ ಚೆಲ್ಸಿ ಗ್ರೌಂಡ್ ಇರೋದು?

ನೀಲಿಜರ್ಸಿ:
ಗುರು ಒಂದು ಡೌಟು. ವೈಕಿಂಗ್ಸ್ ಬಗ್ಗೆ ವಿಡಿಯೋ ನೋಡ್ತಿದ್ದೆ, ಅದ್ರಲ್ಲಿ 1066ರಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಡ್ಜಲ್ಲಿ ಯುದ್ಧ ಆಗಿ ನಾರ್ವೆ ರಾಜ ಸತ್ತ ಅಂತ ಬಂತು. ನಮ್ ಚೆಲ್ಸಿ ಫುಟ್ಬಾಲ್ ಕ್ಲಬ್ಬಿನ ಗ್ರೌಂಡ್ ಹೆಸರೂ ಅದೇ ಅಲ್ವಾ? ಅದೇ ಜಾಗದಲ್ಲಿ ಕಟ್ಟಿದಾರಾ, ಇಲ್ಲಾ ಯುದ್ಧದ ನೆನಪಿಗೆ ಹೆಸರಿಟ್ಟಿದಾರಾ? ಫ್ರೆಂಡ್ ಒಬ್ಬ ನೆನಪಿಗೇ ಇಟ್ಟಿದ್ದು ಅಂತ ಬಿರಿಯಾನಿ ಬೆಟ್ ಕಟ್ಟಿದಾನೆ, ಬೇಗ ಹೇಳ್ರಪ್ಪಾ

ಹಳೇಮ್ಯಾಪು:
ಎರಡೂ ಅಲ್ಲ, ಬಿರಿಯಾನಿ ನಿಂದೇ. ಯುದ್ಧ ಆಗಿದ್ದು ಯಾರ್ಕ್ ಹತ್ರ ಡರ್ವೆಂಟ್ ನದಿ ದಂಡೇಲಿ, ಸ್ಟೇಡಿಯಂ ಇರೋದು ಲಂಡನ್ನಿನ ಫುಲಮ್‌ನಲ್ಲಿ, ಮಧ್ಯೆ ಹತ್ತಿರ ಹತ್ತಿರ 300 ಕಿಲೋಮೀಟರ್. ಲಂಡನ್ ಕಡೆ ಸ್ಟ್ಯಾನ್‌ಫರ್ಡ್ ಕ್ರೀಕ್ ಅಂತ ಥೇಮ್ಸ್‌ಗೆ ಸೇರೋ ಒಂದು ಹಳ್ಳ ಇತ್ತು, ಈಗ ಈಸ್ಟ್ ಸ್ಟ್ಯಾಂಡ್ ಹಿಂದೆ ರೈಲು ಹೋಗುತ್ತಲ್ಲ ಅದೇ ಜಾಗ, ಅದರ ಮೇಲಿದ್ದ ಸೇತುವೆ ಹೆಸರೇ ಜನರ ಬಾಯಲ್ಲಿ ಹಂಗೆ ಹಿಂಗೆ ಆಗಿ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಆಗಿದೆ. ಇನ್ನೊಂದು ಮಜಾ, ಗ್ರೌಂಡು ಕ್ಲಬ್ಬಿಗಿಂತ ಹಳೇದು. 1877ರಲ್ಲಿ ಓಟದ ಸ್ಪರ್ಧೆಗಳಿಗೆ ಅಂತ ಶುರುವಾಗಿದ್ದು, 1904ರಲ್ಲಿ ಮೇರ್ಸ್ ಅನ್ನೋರು ಕೊಂಡ್ಕೊಂಡು ಫುಲಮ್ ಕ್ಲಬ್ಬಿಗೆ ಬನ್ನಿ ಆಡಿ ಅಂದ್ರು, ಅವರು ಒಲ್ಲೆ ಅಂದ್ರು, ಸರಿ ಅಂತ 1905ರಲ್ಲಿ ಚೆಲ್ಸಿಯನ್ನೇ ಹುಟ್ಟಾಕಿದ್ರು. ಗ್ರೌಂಡಿಗೆ ಟೀಮ್ ಹುಡ್ಕಿದ್ದು ಅನ್ನಿ.

ಕೊಡಲಿವೀರ:
ಯುದ್ಧದ ಕತೆ ಯಾರೂ ಹೇಳ್ಲಿಲ್ವಾ, ಅದೇ ಮೇನು ಮಾರಾಯ್ರೇ. ನಾರ್ವೆ ರಾಜ ಹರಾಲ್ಡ್ ಹಾರ್ಡ್ರಾಡ, ಜೊತೆಗೆ ಇಂಗ್ಲೆಂಡ್ ರಾಜ ಹೆರಾಲ್ಡ್‌ನ ಸ್ವಂತ ತಮ್ಮ ಟೋಸ್ಟಿಗ್, ಅಣ್ಣನ ಮೇಲೆ ಸಿಟ್ಟಿಗೆ ಶತ್ರು ಕಡೆ ಸೇರ್ಕೊಂಡಿದ್ದ (ದಾಯಾದಿ ಜಗಳ ಎಲ್ಲಿಲ್ಲ ಹೇಳಿ). ಸೆಪ್ಟೆಂಬರ್ 20ಕ್ಕೆ ಯಾರ್ಕ್ ಪಕ್ಕದ ಫುಲ್ಫರ್ಡಲ್ಲಿ ಗೆದ್ದು ಇನ್ನೇನು ಯಾರ್ಕ್ ನಮ್ದೇ ಅಂತ ಆರಾಮಾಗಿದ್ರು, ಅಷ್ಟರಲ್ಲಿ ಹೆರಾಲ್ಡ್ ದಕ್ಷಿಣದಿಂದ ದೌಡಾಯಿಸ್ಕೊಂಡು ಬಂದು 25ಕ್ಕೆ ಮುಗಿಬಿದ್ದ. ಸೆಖೆ ಅಂತ ನಾರ್ವೆಯೋರು ಕಬ್ಬಿಣದ ಅಂಗಿಗಳನ್ನ ಹಡಗಲ್ಲೇ ಬಿಟ್ಟು ಬಂದಿದ್ರಂತೆ. ಆಗ ಒಬ್ಬನೇ ಒಬ್ಬ ಸೇತುವೆ ಮೇಲೆ ನಿಂತು ಇಡೀ ಸೈನ್ಯನ ತಡೆದ, ಬಾಣಕ್ಕೂ ಜಗ್ಗಲಿಲ್ಲ, ಕೊನೆಗೆ ಯಾರೋ ಸೇತುವೆ ಕೆಳಗೆ ನುಸುಳಿ ಕೆಳಗಿಂದ ತಿವಿದ. ಹಾರ್ಡ್ರಾಡ, ಟೋಸ್ಟಿಗ್ ಇಬ್ರೂ ಅವತ್ತೇ ಸತ್ರು. 300 ಹಡಗಲ್ಲಿ ಬಂದೋರು 24ರಲ್ಲಿ ವಾಪಸ್ ಹೋದ್ರು ಅಂತ ಬರ್ದಿದಾರೆ

ಹಳೇಮ್ಯಾಪು:
@ಕೊಡಲಿವೀರ ಕತೆ ಸೂಪರ್, ಆದ್ರೆ ಸೇತುವೆ ವೀರನ ಪ್ಯಾರಾನ ಇಂಗ್ಲೆಂಡಿನ ಹಳೇ ಚರಿತ್ರೆ ದಾಖಲೆ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನ ಒಂದು ಪ್ರತಿಗೆ ಆಮೇಲೆ ಯಾರೋ ಸೇರ್ಸಿದ್ದು. ಅಲ್ಲಿ ಅವನನ್ನ ಕಬ್ಬಿಣದ ಅಂಗಿ ಅಡಿಯಿಂದ ತಿವಿದ್ರು ಅಂತಿದೆ. ಅಂಗಿ ಹಡಗಲ್ಲಿದ್ರೆ ಇವನ ಮೈಮೇಲೆ ಎಲ್ಲಿಂದ ಬಂತು? ಹಡಗಲ್ಲಿ ಬಿಟ್ಟಿದ್ದು ಅನ್ನೋದು ಐಸ್‌ಲ್ಯಾಂಡಿನ ಸಾಗಾ ಕತೆ, ಅದು ಬರೆದಿದ್ದೇ 13ನೇ ಶತಮಾನದಲ್ಲಿ. ಎರಡನ್ನೂ ಕಲಸಿ ಒಂದೇ ಸೀನ್ ಮಾಡೋದು ವಿಡಿಯೋದವರ ಕೆಲಸ

ಕೊಡಲಿವೀರ:
ಪಾಯಿಂಟ್ ಇದೆ. ಆದ್ರೂ ಸೇತುವೆ ಮೇಲಿನೋನನ್ನ ನಾನಂತೂ ಬಿಡಲ್ಲ 😄

ಸುಮ್ನೆಬಂದೆ:
ಗೆದ್ದ ಹೆರಾಲ್ಡ್ ಏನಾದ?

ಹಳೇಮ್ಯಾಪು:
ಮೂರೇ ದಿನಕ್ಕೆ ನಾರ್ಮಂಡಿ ವಿಲಿಯಂ ದಕ್ಷಿಣ ತೀರದಲ್ಲಿ ಇಳಿದ. ಹೆರಾಲ್ಡ್ ಮತ್ತೆ ಅಷ್ಟೂ ದಾರಿ ಕೆಳಗೆ ಬಂದು ಅಕ್ಟೋಬರ್ 14ಕ್ಕೆ ಹೇಸ್ಟಿಂಗ್ಸಲ್ಲಿ ವಿಲಿಯಂ ಜೊತೆ ಕಾದಾಡಿ ಸತ್ತ. ಅದಕ್ಕೇ ಈ ಗೆಲುವು ಯಾರಿಗೂ ಅಷ್ಟು ನೆನಪಿಲ್ಲ.

ನೀಲಿಜರ್ಸಿ:
ಥ್ಯಾಂಕ್ಸ್ ಎಲ್ರಿಗೂ, ಲಿಂಕ್ ಫ್ರೆಂಡಿಗೆ ಕಳಿಸ್ದೆ. ಈಗ ಅವನು ಲಿಂಕನ್‌ಶೈರಲ್ಲಿ ಬರೀ ಸ್ಟ್ಯಾಮ್‌ಫರ್ಡ್ ಅಂತ ಒಂದು ಊರಿದೆ, ಗ್ರೌಂಡಿಗೆ ಹೆಸರು ಅಲ್ಲಿಂದ ಬಂದಿರ್ಬೋದು ಅಂತ ಹೊಸ ರಾಗ ತೆಗ್ದಿದಾನೆ

ಹಳೇಮ್ಯಾಪು:
ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಮಟನ್ ಬಿರಿಯಾನಿನೇ ಕೇಳು.