ಪದಚರ್ಚೆ: 'ತ್ರೀ ಟೆಕ್ನಿಕ್', 'ಬೆಂಡ್', 'ಆ್ಯಂಕರ್' – ಡಿಫೆನ್ಸಿವ್ ಲೈನ್ ಆಟಗಾರರನ್ನು ಅಳೆಯುವ ಮಾತುಗಳು

ಪ್ರಶ್ನೆ

ಬಳಗದವರಿಗೆ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಕುರಿತು ಅಮೆರಿಕದ ಕನ್ನಡ ಓದುಗರಿಗಾಗಿ ಲೇಖನವೊಂದು ಸಿದ್ಧವಾಗುತ್ತಿದೆ. ಡಿಫೆನ್ಸಿವ್ ಲೈನ್ (ಚೆಂಡಿಲ್ಲದ ತಂಡದ ಮುಂಚೂಣಿ) ಆಟಗಾರರ ಸ್ಕೌಟಿಂಗ್ ವರದಿಗಳಲ್ಲಿ ಪದೇ ಪದೇ ಬರುವ ಕೆಲವು ಮಾತುಗಳು ತೊಡಕಾಗಿವೆ. ಕರಡಿನಲ್ಲಿ 'ತ್ರೀ ಟೆಕ್ನಿಕ್' ಎಂಬುದಕ್ಕೆ 'ಮೂರು ತಂತ್ರ ಬಲ್ಲವ', 'ಬೆಂಡ್'ಗೆ 'ನಮ್ಯತೆ', 'ಆ್ಯಂಕರ್'ಗೆ 'ಲಂಗರು', 'ಗೆಟ್ ಆಫ್'ಗೆ 'ನಿರ್ಗಮನ' ಎಂದಿದೆ. 'ಮೋಟರ್' ಹಾಗೆಯೇ ಉಳಿದಿದೆ. ಡ್ರಾಫ್ಟ್‌ಗೆ 'ಹರಾಜು' ಎಂದರೆ ನಡೆದೀತೇ? ಆಟ ಬಲ್ಲವರು ಅರ್ಥ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1

ಸಣ್ಣದನ್ನು ಮೊದಲು ಮುಗಿಸೋಣ. 'ಹರಾಜು' ಬೇಡ. ಐಪಿಎಲ್‌ನಂತೆ ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಆ ಸರದಿಯನ್ನು ಬೇರೆ ತಂಡದೊಡನೆ ಅದಲುಬದಲು ಮಾಡಿಕೊಳ್ಳಲೂಬಹುದು. 'ಡ್ರಾಫ್ಟ್' ಎಂದೇ ಬರೆದು, ಮೊದಲ ಸಲ ಬಂದಾಗ 'ಸರದಿ ಆಯ್ಕೆ' ಎಂದು ವಿವರಿಸಿದರೆ ಸಾಕು.

'ಮೂರು ತಂತ್ರ ಬಲ್ಲವ' ಎಂಬುದನ್ನು ಮಾತ್ರ ಖಂಡಿತ ತೆಗೆಯಬೇಕು. ಇಲ್ಲಿ 'ಟೆಕ್ನಿಕ್' ಎಂದರೆ ನಿಲ್ಲುವ ಜಾಗ. ಚೆಂಡು ಹಿಡಿದ ತಂಡದ ಮುಂಚೂಣಿಯಲ್ಲಿ ಐವರು: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಸೆಂಟರ್‌ನ ನೇರ ಎದುರು ನಿಂತರೆ 0. ಅವನ ಭುಜದ ಪಕ್ಕಕ್ಕೆ ಸರಿದರೆ 1. ಗಾರ್ಡ್‌ನ ನೇರ ಎದುರು 2, ಹೊರಭುಜದೆದುರು 3. ಟ್ಯಾಕಲ್‌ನ ನೇರ ಎದುರು 4, ಹೊರಭುಜದೆದುರು 5. ಒಳಭುಜದ ಕಡೆ ನಿಂತರೆ ಸಂಖ್ಯೆಗೆ 'ಐ' ಸೇರಿಸಿ 2ಐ, 4ಐ ಎನ್ನುತ್ತಾರೆ. ಟ್ಯಾಕಲ್‌ನ ಪಕ್ಕ ನಿಲ್ಲುವ ಟೈಟ್ ಎಂಡ್‌ನ ಆಚೆ ಬದಿಗೆ 9. ನಡುವಿನ 6 ಮತ್ತು 7 ತಂಡದಿಂದ ತಂಡಕ್ಕೆ ಕೊಂಚ ಬದಲಾಗುತ್ತವೆ, ಬಳಸುವ ಮುನ್ನ ಆ ವರದಿಯ ಲೆಕ್ಕ ಯಾವುದೆಂದು ನೋಡಿಕೊಳ್ಳಿ. ಈ ಸಂಖ್ಯಾಪದ್ಧತಿಯ ಹಿರಿಮೆಯನ್ನು ಸಾಮಾನ್ಯವಾಗಿ ಕೋಚ್ ಬಮ್ ಫಿಲಿಪ್ಸ್ ಅವರಿಗೆ ಸಲ್ಲಿಸುತ್ತಾರೆ. ಕನ್ನಡದಲ್ಲಿ '3ರ ಜಾಗ', '3ರ ಜಾಗದ ಆಟಗಾರ' ಎಂದರೆ ಯಾರಿಗೂ ಗೊಂದಲವಾಗದು.

ಈ ಜಾಗ ತಿಳಿಯದೆ ಆಟಗಾರನನ್ನು ತೂಗಲು ಆಗುವುದಿಲ್ಲ. 0 ಅಥವಾ 1ರಲ್ಲಿ ನಿಲ್ಲುವವನು ಹೆಚ್ಚಾಗಿ 320ರಿಂದ 340 ಪೌಂಡ್, ಅಂದರೆ ಸುಮಾರು 145ರಿಂದ 155 ಕೆ.ಜಿ. ಇಬ್ಬರು ತಡೆಗಾರರನ್ನು ತನ್ನ ಮೇಲೆ ಎಳೆದುಕೊಂಡು ತನ್ನ ಹಿಂದೆ ನಿಲ್ಲುವ ರಕ್ಷಣಾ ಆಟಗಾರನಾದ ಲೈನ್‌ಬ್ಯಾಕರ್‌ಗೆ ದಾರಿ ಬಿಡಿಸುವುದೇ ಅವನ ಕೆಲಸ. 3ರ ಜಾಗದವನು 280ರಿಂದ 310 ಪೌಂಡ್ ಇದ್ದು, ಗಾರ್ಡ್ ಮತ್ತು ಟ್ಯಾಕಲ್ ನಡುವಿನ ಸಂದಿನಲ್ಲಿ ನುಗ್ಗಬೇಕು. ಅಂಚಿನವನು 245ರಿಂದ 270. ಮೊದಲನೆಯವನಿಗೆ ಸ್ಯಾಕ್ (ಚೆಂಡು ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆತಕ್ಕೆ ಮುನ್ನವೇ ಕೆಡವುವುದು) ಕಡಿಮೆ ಎಂದು ಅಂಕ ಕಳೆಯುವುದು ಅನ್ಯಾಯ.

'ಗ್ಯಾಪ್'ಗೆ ನಮ್ಮ 'ಸಂದು' ಹೇಳಿಮಾಡಿಸಿದಂತಿದೆ. ಸೆಂಟರ್ ಮತ್ತು ಗಾರ್ಡ್ ನಡುವೆ ಎ ಸಂದು, ಗಾರ್ಡ್ ಮತ್ತು ಟ್ಯಾಕಲ್ ನಡುವೆ ಬಿ ಸಂದು, ಟ್ಯಾಕಲ್‌ನ ಆಚೆ ಸಿ ಸಂದು. 'ಒನ್ ಗ್ಯಾಪ್' ಆಟಗಾರ ತನಗೆ ಕೊಟ್ಟ ಒಂದು ಸಂದಿನಲ್ಲಿ ನುಗ್ಗುತ್ತಾನೆ. 'ಟೂ ಗ್ಯಾಪ್' ಆಟಗಾರ ಎದುರಿನವನನ್ನು ತೋಳುದ್ದ ದೂರದಲ್ಲಿ ಹಿಡಿದು ನಿಲ್ಲಿಸಿ, ಚೆಂಡು ಯಾವ ಪಕ್ಕಕ್ಕೆ ಬರುತ್ತದೋ ನೋಡಿ ಆ ಪಕ್ಕಕ್ಕೆ ಕಳಚಿಕೊಳ್ಳುತ್ತಾನೆ. ಕಾಲೇಜಿನಲ್ಲಿ ಎರಡು ಸಂದು ಕಾಯುವ ಕೆಲಸವನ್ನಷ್ಟೇ ಮಾಡಿದವನ ವಿಡಿಯೊದಲ್ಲಿ ನುಗ್ಗುವಿಕೆ ಕಾಣುವುದೇ ಇಲ್ಲ. ಅವನಿಗೆ ನುಗ್ಗಲು ಬರುವುದಿಲ್ಲವೋ, ನುಗ್ಗಬೇಡವೆಂದು ಕೋಚ್ ಹೇಳಿದ್ದರೋ ಎಂದು ಮೊದಲು ತಿಳಿಯಬೇಕು. ಅದಕ್ಕೆ ಮೂರನೇ ಡೌನ್‌ನಲ್ಲಿ (10 ಗಜ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) 8 ಗಜಕ್ಕಿಂತ ಹೆಚ್ಚು ಬೇಕಿರುವ ಆಟಗಳನ್ನು ಬೇರೆಯಾಗಿ ಆರಿಸಿ ನೋಡಿ. ಆಗ ಎದುರಾಳಿ ಚೆಂಡು ಎಸೆಯುವುದು ಹೆಚ್ಚುಕಡಿಮೆ ಖಚಿತ, ಇವನಿಗೂ ನುಗ್ಗಲು ಬಿಡುವಿರುತ್ತದೆ.

'ಗೆಟ್ ಆಫ್' ನಿರ್ಗಮನವಲ್ಲ, 'ಚಿಮ್ಮು'. 'ಮೊದಲ ಚಿಮ್ಮು ಚುರುಕಾಗಿದೆ' ಎಂದು ಬರೆಯಿರಿ. ನೋಡುವ ಬಗೆ ಹೀಗೆ: ಸೆಂಟರ್‌ನ ಕೈಯಲ್ಲಿ ಚೆಂಡು ಕದಲಿದ ಫ್ರೇಮ್‌ನಲ್ಲಿ ವಿಡಿಯೊ ನಿಲ್ಲಿಸಿ, ಅಲ್ಲಿಂದ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಅವನ ಎರಡನೇ ಹೆಜ್ಜೆ ನೆಲಕ್ಕೆ ತಾಗುವಾಗ ಎದುರಿನ ಟ್ಯಾಕಲ್ ಇನ್ನೂ ಮೊದಲ ಹೆಜ್ಜೆಯಲ್ಲಿದ್ದರೆ ಅದು ಒಳ್ಳೆಯ ಚಿಮ್ಮು. ಆದರೆ ಕ್ವಾರ್ಟರ್‌ಬ್ಯಾಕ್‌ನ ಕೂಗಿನ ಲಯ ಊಹಿಸಿ ಹಾರುವವರೂ ಇರುತ್ತಾರೆ. ಎದುರಾಳಿ ಕೂಗು ಬದಲಿಸಿದ ಕೂಡಲೇ ಅವರು ಆಫ್‌ಸೈಡ್ ಆಗಿ (ಚೆಂಡು ಕದಲುವ ಮುನ್ನವೇ ಗೆರೆ ದಾಟಿ) 5 ಗಜ ಬಿಟ್ಟುಕೊಡುತ್ತಾರೆ. ಹಾಗಾಗಿ ಒಂದೇ ಪಂದ್ಯ ನೋಡಿ ತೀರ್ಮಾನಿಸಬಾರದು.

ಡ್ರಾಫ್ಟ್‌ಗೆ ಮುನ್ನ ಆಟಗಾರರನ್ನು ಅಳೆದು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಎಲ್ಲರ ಕಣ್ಣು 40 ಗಜದ ಓಟದ ಮೇಲಿರುತ್ತದೆ. ಈ ಆಟಗಾರರಿಗೆ ಅದರ ಮೊದಲ 10 ಗಜದ ಸಮಯ ನೋಡಿ, ಪಂದ್ಯದಲ್ಲಿ ಅವರು 40 ಗಜ ನೇರ ಓಡುವುದು ಅಪರೂಪ. ಅಂಚಿನವನಿಗೆ 1.6 ಸೆಕೆಂಡಿನ ಆಸುಪಾಸು, ಒಳಗಿನವನಿಗೆ 1.7ರ ಆಸುಪಾಸು ಬಂದರೆ ಚೆನ್ನ.

'ಬೆಂಡ್'ಗೆ 'ನಮ್ಯತೆ' ಯಾಕೆ ಸಾಲದೆಂದರೆ, ನಿಂತಲ್ಲೇ ಬಗ್ಗಿ ನೆಲ ಮುಟ್ಟಬಲ್ಲವನಿಗೂ ಇದು ಇಲ್ಲದಿರಬಹುದು. ತಿರುವಿನಲ್ಲಿ ಬೈಕ್ ವಾಲುವಂತೆ, ಓಡುತ್ತಲೇ ಒಳಭುಜ ತಗ್ಗಿಸಿ, ಕಣಕಾಲು ಮತ್ತು ಸೊಂಟ ಮಡಿಸಿ, ವೇಗ ಕಳೆದುಕೊಳ್ಳದೆ ಟ್ಯಾಕಲ್‌ನನ್ನು ಸುತ್ತಿಬರುವುದು 'ಬೆಂಡ್'. 'ವಾಲಿ ತಿರುಗುವುದು' ಎಂದರೆ ಸರಿಹೋಗುತ್ತದೆ. ಇದಿಲ್ಲದವನು ತಿರುವಿನಲ್ಲಿ ನೆಟ್ಟಗೆ ಎದ್ದು ನಿಲ್ಲುತ್ತಾನೆ, ಟ್ಯಾಕಲ್ ಪಕ್ಕೆಗೆ ಕೈ ಕೊಟ್ಟು ಅವನನ್ನು ಕ್ವಾರ್ಟರ್‌ಬ್ಯಾಕ್‌ನ ಹಿಂದೆ ದಾಟಿಸಿಬಿಡುತ್ತಾನೆ. ನೆಲದ ಮೇಲಿಟ್ಟ ದೊಡ್ಡ ಬಳೆಯ ಸುತ್ತ ಓಡಿಸುವ ಪರೀಕ್ಷೆ ಇದನ್ನೇ ತೋರಿಸುತ್ತದೆ. ಓಟಗಾರನ ಪಾದಗಳನ್ನು ನೋಡಿ. ತಿರುವು ಮುಗಿಯುವ ಹೊತ್ತಿಗೆ ಬೆರಳುಗಳು ಗುರಿಯತ್ತ ತಿರುಗಿರಬೇಕು. ಮೂರು ಕೋನ್‌ಗಳ ಓಟವೂ ನೆರವಿಗೆ ಬರುತ್ತದೆ. 2011ರಲ್ಲಿ ಸುಮಾರು 290 ಪೌಂಡಿನ ಜೆ.ಜೆ. ವಾಟ್ ಅದನ್ನು 6.88 ಸೆಕೆಂಡಿನಲ್ಲಿ ಮುಗಿಸಿದ್ದರು. ಅಷ್ಟು ತೂಕಕ್ಕೆ 7 ಸೆಕೆಂಡಿನ ಒಳಗೆ ಬರುವುದು ಅಸಾಮಾನ್ಯ.

'ಆ್ಯಂಕರ್'ಗೆ ಲಂಗರು ಬೇಕಿಲ್ಲ. 'ಕಾಲೂರಿ ನಿಲ್ಲುವುದು' ನಮ್ಮಲ್ಲೇ ಇದೆ. ಇಬ್ಬರು ಒಟ್ಟಿಗೆ ತಳ್ಳಿದಾಗ ಎಷ್ಟು ಹಿಂದೆ ಸರಿದ ಎಂಬುದನ್ನು ಗಜದಲ್ಲಿ ಬರೆದಿಡಿ. ಒಂದು ಗಜದೊಳಗೆ ತಡೆದರೆ ಗಟ್ಟಿಗ. ಪ್ರತಿ ಸಲ ಮೂರು ಗಜ ಸರಿದರೆ ಹಿಂದಿನ ಲೈನ್‌ಬ್ಯಾಕರ್‌ನ ದಾರಿಯೂ ಮುಚ್ಚಿಹೋಗುತ್ತದೆ. ಸರಿಯುವುದಕ್ಕೆ ಕಾರಣ ಹಲವು ಸಲ ತೂಕದ ಕೊರತೆ ಆಗಿರುವುದಿಲ್ಲ. ಭುಜದ ಮಟ್ಟ ಎದುರಿನವನಿಗಿಂತ ಮೇಲಿರುವುದು, ಪಾದಗಳು ಹತ್ತಿರ ಹತ್ತಿರ ಇರುವುದು, ಎರಡನೆಯವನು ಬರುವುದನ್ನು ಕಾಣದೆ ಎದೆ ಒಂದೇ ಕಡೆ ತಿರುಗಿರುವುದು – ಇವೇ ಹೆಚ್ಚು. ಇವನ್ನೆಲ್ಲ ತಿದ್ದಬಹುದು. ವರದಿಯಲ್ಲಿ 'ಕಾಲೂರಿ ನಿಲ್ಲಲಾರ' ಎಂದಷ್ಟೇ ಬರೆದು ಕಾರಣ ಬಿಟ್ಟರೆ ಅದರಿಂದ ಕೋಚ್‌ಗೆ ಏನೂ ಸಿಗುವುದಿಲ್ಲ.

ಉತ್ತರ 2

ಮೇಲಿನದಕ್ಕೆ ಕೆಲವು ಸೇರ್ಪಡೆ. ಕೈಚಳಕದ ಮಾತುಗಳಿಗೆ ಗರಡಿಯ 'ಪಟ್ಟು' ಬಳಸಿ. 'ರಿಪ್' ಎಂದರೆ ಎದುರಾಳಿಯ ಕಂಕುಳಡಿ ಕೈ ತೂರಿಸಿ ಮೇಲೆತ್ತುವ ಪಟ್ಟು. 'ಸ್ವಿಮ್' ಎಂದರೆ ಅವನ ಭುಜದ ಮೇಲಿಂದ ಕೈ ಹಾಯಿಸಿ ದಾಟುವ ಪಟ್ಟು. 'ಬುಲ್ ರಶ್'ನಲ್ಲಿ ಎದೆಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ದೂಡಿಕೊಂಡು ಹೋಗುತ್ತಾರೆ. 'ಕೌಂಟರ್' – ಮರುಪಟ್ಟು. ಕಾಲೇಜಿನ ಬಹಳಷ್ಟು ಆಟಗಾರರಿಗೆ ಒಂದೇ ಪಟ್ಟು ಸಿದ್ಧಿಸಿರುತ್ತದೆ. ಅದನ್ನು ತಡೆದ ಮೇಲೆ ಅವನ ಕೈಗಳು ಏನು ಮಾಡುತ್ತವೆ ಎಂಬುದೇ ನೋಡಬೇಕಾದ ಕ್ಷಣ. ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್ (ಡ್ರಾಫ್ಟ್‌ಗೆ ಮುನ್ನ ಕಾಲೇಜು ಆಟಗಾರರು ಆಡುವ ಪ್ರದರ್ಶನ ಪಂದ್ಯ) ತಾಲೀಮಿನ ಒಬ್ಬರಿಗೊಬ್ಬರು ಸೆಣಸಾಟ ಇದಕ್ಕೆ ಒಳ್ಳೆಯದು. ಆದರೆ ಅಲ್ಲಿ ನೆರವಿಗೆ ಎರಡನೇ ತಡೆಗಾರ ಬರುವುದಿಲ್ಲ, ಜಾಗವೂ ಧಾರಾಳ. ಹಾಗಾಗಿ ನುಗ್ಗುವವನಿಗೆ ಅದು ಅನುಕೂಲ ಎಂಬುದನ್ನು ಮರೆಯಬಾರದು.

ತೋಳಿನ ಉದ್ದವನ್ನು ಭುಜದ ಮೂಳೆಯ ತುದಿಯಿಂದ ನಡುಬೆರಳ ತುದಿಯವರೆಗೆ ಅಳೆಯುತ್ತಾರೆ. ಮೊದಲು ಎದೆಗೆ ಕೈ ಕೊಟ್ಟವನ ಹಿಡಿತದಲ್ಲಿ ಆಟವಿರುತ್ತದೆಯಾದ್ದರಿಂದ 33 ಇಂಚನ್ನು ಗಡಿಯಾಗಿ ನೋಡುವವರು ಬಹಳ. ಆದರೆ ಏಡನ್ ಹಚಿನ್ಸನ್ ಅವರದು 32⅛ ಇಂಚು, ಆದರೂ 2022ರಲ್ಲಿ ಡೆಟ್ರಾಯ್ಟ್ ಲಯನ್ಸ್ ಅವರನ್ನು ಎರಡನೆಯವರಾಗಿ ಆರಿಸಿತು. ಏರನ್ ಡೊನಾಲ್ಡ್ ಅವರ ತೋಳೂ 33 ಇಂಚಿಲ್ಲ, 285 ಪೌಂಡ್ ತೂಕ ಒಳಗಿನ ಆಟಕ್ಕೆ ಕಡಿಮೆ ಎನ್ನಲಾಗಿತ್ತು. 2014ರಲ್ಲಿ 13ನೆಯವರಾಗಿ ಆಯ್ಕೆಯಾದ ಅವರು 2017, 2018 ಮತ್ತು 2020ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಉದ್ದದ ಕೊರತೆಯನ್ನು ಚಿಮ್ಮು, ತಗ್ಗಿದ ಭುಜ ಮತ್ತು ಕೈ ಬೀಸುವ ಸಮಯಜ್ಞಾನ ತುಂಬಬಲ್ಲವು. ಈ ಮೂರೂ ಇಲ್ಲದ ಗಿಡ್ಡ ತೋಳಿನವನ ಪಾಡು ಕಷ್ಟ.

225 ಪೌಂಡಿನ ಬೆಂಚ್ ಪ್ರೆಸ್‌ಗೆ ಅಷ್ಟು ಬೆಲೆ ಕೊಡಬೇಡಿ. ಮಲಗಿ ಎತ್ತುವುದು ತೋಳಿನ ಕಸುವು, ಮೈದಾನದಲ್ಲಿ ತಳ್ಳುವ ಬಲ ನೆಲದಿಂದ ಸೊಂಟದ ಮೂಲಕ ಬರುತ್ತದೆ. ವರ್ನನ್ ಗೋಲ್ಸ್‌ಟನ್ 37 ಸಲ ಎತ್ತಿದ್ದರು. 2008ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವರನ್ನು ಆರನೆಯವರಾಗಿ ಆರಿಸಿತು. ಆ ತಂಡದ ಮೂರು ಋತುಗಳಲ್ಲಿ ಅವರಿಗೆ ಒಂದು ಸ್ಯಾಕ್ ಕೂಡ ಬರಲಿಲ್ಲ.

'ಸ್ಯಾಕ್' ಪದವನ್ನು ಹಾಗೆಯೇ ಇಟ್ಟುಕೊಳ್ಳಿ, ಕ್ವಾರ್ಟರ್‌ಬ್ಯಾಕ್ ಎಸೆಯುವ ಮುನ್ನ ಅವನನ್ನು ಕೆಡವುವುದು ಎಂದು ಒಮ್ಮೆ ಹೇಳಿ. ಆದರೆ ಕಾಲೇಜಿನ ಸ್ಯಾಕ್ ಸಂಖ್ಯೆಯನ್ನು ಸೋಸಿ ನೋಡಬೇಕು. ಯಾರೂ ತಡೆಯದೆ ಬಿಟ್ಟದ್ದು, ಎಸೆಯಲು ಯಾರೂ ಸಿಗದೆ ಕ್ವಾರ್ಟರ್‌ಬ್ಯಾಕ್ ಕಾದು ನಿಂತು ಸಿಕ್ಕಿದ್ದು, ಇನ್ನೊಬ್ಬ ಓಡಿಸಿದವನು ಇವನ ಕೈಗೆ ಬಂದದ್ದು – ಇವನ್ನು ಬೇರೆ ಪಟ್ಟಿ ಮಾಡಿ. ಉಳಿದದ್ದರ ಜೊತೆ ಒತ್ತಡದ ಪ್ರಮಾಣ ಲೆಕ್ಕಹಾಕಿ: 300 ಸಲ ನುಗ್ಗಿ 45 ಸಲ ಕ್ವಾರ್ಟರ್‌ಬ್ಯಾಕ್‌ಗೆ ಬಿಸಿ ಮುಟ್ಟಿಸಿದ್ದರೆ ಶೇ 15. ವರ್ಷದಿಂದ ವರ್ಷಕ್ಕೆ ಇದು ಸ್ಯಾಕ್‌ನಷ್ಟು ಏರಿಳಿಯುವುದಿಲ್ಲ.

ಕೊನೆಗೆ 'ಮೋಟರ್'. 'ದಮ್' ಎನ್ನುವ ಮನಸ್ಸಾಗುತ್ತದೆ, ಆದರೆ ದಮ್ ಉಸಿರಿಗೆ ಸಂಬಂಧಿಸಿದ್ದು. ಚೆಂಡು ಇನ್ನೊಂದು ಬದಿಗೆ ಹೋದ ಮೇಲೂ ಬೆನ್ನಟ್ಟುವ ಗುಣ 'ಮೋಟರ್', ಅದಕ್ಕೆ 'ಛಲ' ಹತ್ತಿರ. ಎರಡನ್ನೂ ಬೇರೆಬೇರೆ ಬರೆಯುವುದು ಒಳಿತು. ಐದನೇ ಆಟದಲ್ಲೇ ನಡೆದು ಬರುವವನಿಗೆ ಛಲ ಕಡಿಮೆ. ಐದರಲ್ಲಿ ಓಡಿ ಐವತ್ತೈದರಲ್ಲಿ ನಿಂತುಬಿಡುವವನಿಗೆ ದಮ್ ಕಡಿಮೆ, ತೂಕ ಇಳಿಸಿ ಅಥವಾ ಸರದಿಯಲ್ಲಿ ಆಡಿಸಿ ಅದನ್ನು ಸರಿದೂಗಿಸಬಹುದು. ಜಾರ್ಜಿಯಾ ವಿಶ್ವವಿದ್ಯಾಲಯದ ಜೋರ್ಡನ್ ಡೇವಿಸ್ 341 ಪೌಂಡ್ ತೂಗಿಯೂ 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದರು. ಆದರೂ 2022ರ ಡ್ರಾಫ್ಟ್‌ಗೆ ಮುನ್ನ ಅವರ ಬಗ್ಗೆ ಎದ್ದ ಪ್ರಶ್ನೆ ಒಂದು ಪಂದ್ಯದಲ್ಲಿ ಎಷ್ಟು ಆಟ ಆಡಬಲ್ಲರು ಎಂಬುದೇ ಆಗಿತ್ತು, ಕಾಲೇಜಿನಲ್ಲಿ ಅವರನ್ನು ಸರದಿಯಲ್ಲಿ ಇಳಿಸುತ್ತಿದ್ದರು. ಅದು ದಮ್‌ನ ಪ್ರಶ್ನೆ. ಲೇಖನದಲ್ಲಿ ಅದನ್ನು ಛಲದ ಕೊರತೆ ಎಂದು ಬರೆದರೆ ಆಟಗಾರನಿಗೆ ಅನ್ಯಾಯವಾಗುತ್ತದೆ.