ಗ್ಯಾಸ್ ಮಾತ್ರೆ ನುಂಗಿದರೂ ಹೊಟ್ಟೆ ಉಬ್ಬರ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ವಯಸ್ಸು 36, ಹಾಸನದಲ್ಲಿ ದಿನಸಿ ಅಂಗಡಿ ಇದೆ. ಬಾಗಿಲು ಹಾಕಿ ಮನೆ ಸೇರಿ ಉಣ್ಣುವಾಗ ರಾತ್ರಿ ಹತ್ತೂವರೆ, ಉಂಡ ತಕ್ಷಣ ನಿದ್ದೆ. ಕೆಲವು ತಿಂಗಳಿಂದ ಸ್ವಲ್ಪ ತಿಂದರೂ ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ. ಮೆಡಿಕಲ್ ಶಾಪ್‌ನವರು ಕೊಟ್ಟ ಪ್ಯಾಂಟೊಪ್ರಜೋಲ್ 40 ಊಟ ಆದಮೇಲೆ ತಗೊಳ್ತಿದ್ದೇನೆ. ಸೊಂಟನೋವಿಗೆ ಆಗಾಗ ಡೈಕ್ಲೋಫೆನಾಕ್. ಖಾರ ಬಿಟ್ಟೆ, ಬೇಳೆ ಬಿಟ್ಟೆ. ಇನ್ನೇನು ಬಿಡಲಿ?

ಡಾಕ್ಟರ್: ಮೊದಲು ಬಿಡಬೇಕಾದ್ದು ಆ ಸೊಂಟನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಹೊಟ್ಟೆಯ ಒಳಪದರದ ರಕ್ಷಣೆಯನ್ನೇ ಕಡಿಮೆ ಮಾಡುತ್ತವೆ, ಹುಣ್ಣೂ ಆಗಬಹುದು. ನೋವಿಗೆ ಬೇರೆ ದಾರಿ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಪಾಪ, ಬೇಳೆ ಏನು ಮಾಡಿತ್ತು!

ಇನ್ನು ಪ್ಯಾಂಟೊಪ್ರಜೋಲ್. ಊಟ ಆದಮೇಲೆ ತಗೊಂಡರೆ ಅರ್ಧಕ್ಕರ್ಧ ದಂಡ. ನಾವು ತಿನ್ನಲು ಶುರು ಮಾಡಿದಾಗ ಆಸಿಡ್ ಬಿಡುವ ಪಂಪುಗಳು ಚುರುಕಾಗುತ್ತವೆ, ಅಷ್ಟು ಹೊತ್ತಿಗೆ ಔಷಧ ರಕ್ತಕ್ಕೆ ಸೇರಿರಬೇಕು. ಹಾಗಾಗಿ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಜಗಿಯದೆ ನುಂಗಿ. ನಾಲ್ಕು ವಾರ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆಯಾ ಅಂತ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಎರಡು ವಾರ ಮುಂಚೆ ಈ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ರಿಪೋರ್ಟ್ ಬರಬಹುದು.

ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ನಿಮ್ಮ ಕೆಲಸದಲ್ಲಿ ಕಷ್ಟ, ಗೊತ್ತು. ಏಳೂವರೆಗೆ ಅಂಗಡಿಯಲ್ಲೇ ಡಬ್ಬಿ ಬಿಚ್ಚಿ, ಗಿರಾಕಿ ಎರಡು ನಿಮಿಷ ಕಾಯುತ್ತಾರೆ. ಮನೆಗೆ ಬಂದಮೇಲೆ ಒಂದು ಲೋಟ ಮಜ್ಜಿಗೆ ಸಾಕು. ಎದೆಯುರಿಗೆ ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಸುಮ್ನೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಜಾಸ್ತಿಯೇ ಆಗುತ್ತದೆ.

ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಆವತ್ತೇ ಆಸ್ಪತ್ರೆಗೆ ಹೋಗಿ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ ತಡಮಾಡದೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಮಾತ್ರೆಗೂ ಮಲ ಕಪ್ಪಗಾಗುತ್ತೆ, ತಗೊಳ್ತಿದ್ದರೆ ಅದನ್ನೂ ಹೇಳಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅತ್ತೆಗೆ ಬಿಪಿ ಇದೆ. ದಿನಾ ರಾತ್ರಿ ಈನೋ ಕುಡಿಯದಿದ್ದರೆ ಅವರಿಗೆ ಸಮಾಧಾನವೇ ಇಲ್ಲ. ಪರವಾಗಿಲ್ವಾ?

ಡಾಕ್ಟರ್: ಯಾವತ್ತೋ ಒಂದಿನ ಆದರೆ ಸರಿ, ದಿನಾ ಬೇಡ. ಅದರಲ್ಲಿರುವುದು ಸೋಡಾ, ಅಂದರೆ ಉಪ್ಪಿನಲ್ಲಿರುವ, ಬಿಪಿ ಏರಿಸುವ ಸೋಡಿಯಂ. ಊಟದಲ್ಲಿ ಉಪ್ಪು ಕಡಿಮೆ ಮಾಡಿ ರಾತ್ರಿ ಲೋಟದಲ್ಲಿ ಕುಡಿದಂತಾಯಿತು. ಓಂಕಾಳು, ಜೀರಿಗೆ ಕಷಾಯ ಕೊಡಿ, ಉಪ್ಪು ಹಾಕಬೇಡಿ. ದಿನಾ ತೊಂದರೆ ಅಂದಮೇಲೆ ಒಮ್ಮೆ ತೋರಿಸಲೇಬೇಕು.

ಮತ್ತೊಬ್ಬರು: ಅಪ್ಪನಿಗೆ 61, ಶುಗರ್ ಇದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗಿ ಬೆವರುತ್ತಾರೆ, ಕೂತು ತೇಗಿದರೆ ಸರಿಹೋಗುತ್ತದೆ. ಗ್ಯಾಸ್ಟ್ರಿಕ್ ಅಲ್ವಾ?

ಡಾಕ್ಟರ್: ಇದು ಗ್ಯಾಸ್ಟ್ರಿಕ್ ಅಂದುಕೊಂಡು ಕೂರಬೇಡಿ. ನಡೆದಾಗ ಬಂದು ಕೂತಾಗ ಹೋಗುವ ನೋವು ಹೃದಯದ್ದಿರಬಹುದು, ಸರಿಹೋಗಿದ್ದು ತೇಗಿನಿಂದಲ್ಲ, ಕೂತಿದ್ದರಿಂದ. ಇವತ್ತೇ ಇಸಿಜಿ ಮಾಡಿಸಿ. ಅದು ನಾರ್ಮಲ್ ಬಂದರೂ ಹೃದಯದ ಡಾಕ್ಟರಿಗೆ ತೋರಿಸದೆ ಬಿಡಬೇಡಿ. ಸುಮ್ಮನೆ ಕೂತಾಗಲೂ ನೋವು ಬಂದರೆ 108ಕ್ಕೆ ಫೋನ್ ಮಾಡಿ.